ವ್ಯಾಟ್ ತೋರಿಸುವ ಟೂಲ್ ಕ್ರ್ಯಾಶ್ ಆದಾಗ ನಾನು ಹುಡುಕುವ ಬಗೆ

ಲಿನಕ್ಸ್ ಲ್ಯಾಪ್‌ಟಾಪ್ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ಎರಡು ಸೆಕೆಂಡಿಗೊಮ್ಮೆ ತೋರಿಸುವ ಟೂಲ್ ಇದು, ಸಿ ಪ್ಲಸ್ ಪ್ಲಸ್‌ನಲ್ಲಿ ನಾನೇ ಬರೆದದ್ದು. ಬ್ಯಾಟರಿಯ ಅಂಕಿ ‘/ಸಿಸ್/ಕ್ಲಾಸ್/ಪವರ್_ಸಪ್ಲೈ’ ಫೋಲ್ಡರಿನಿಂದ ಬರುತ್ತದೆ, ಪ್ರೊಸೆಸರಿನದು ಇಂಟೆಲ್‌ನ ರಾಪ್ಲ್‌ನಿಂದ, ಅಂದರೆ ಬಳಸಿದ ಶಕ್ತಿಯನ್ನು ಕೂಡಿಸುತ್ತ ಹೋಗುವ ಕೌಂಟರಿನಿಂದ. ಇದರಲ್ಲಿ ಕಂಡ ಕ್ರ್ಯಾಶ್‌ಗಳಲ್ಲಿ ಬಹುಪಾಲು ಒಂದೇ ತಪ್ಪಿನಿಂದ ಹುಟ್ಟಿದವು: ಫೈಲ್ ಇದೆ ಎಂದಮೇಲೆ ಅದರೊಳಗೆ ಅಂಕಿ ಇದ್ದೇ ಇರುತ್ತದೆ, ಆ ಅಂಕಿ ಇಂಟ್‌ನೊಳಗೆ (32 ಬಿಟ್ ಪೂರ್ಣಾಂಕ) ಹಿಡಿಸುತ್ತದೆ ಎಂದು ಕೋಡ್ ನಂಬಿಬಿಟ್ಟಿರುತ್ತದೆ.

ಮೊದಲು ಸಿಗ್ನಲ್, ಅಂದರೆ ಪ್ರೋಗ್ರಾಂ ಯಾವ ಬಗೆಯ ತಪ್ಪಿನಿಂದ ಬಿತ್ತೆಂದು ಹೇಳುವ ಸಂಕೇತ, ಯಾವುದೆಂದು ನೋಡಬೇಕು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಇರುವ ಕಡೆ ‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’ ಕೊಟ್ಟರೆ ಸಾಕು. ಟೂಲ್ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡುತ್ತಿದ್ದರೆ ಇದನ್ನೂ ಸುಡೊ ಹಾಕಿಯೇ ಕೊಡಬೇಕು, ಇಲ್ಲದಿದ್ದರೆ ಆ ಕೋರ್ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ನಿಮಗೆ ತೆರೆಯುವುದಿಲ್ಲ. ಆಮೇಲೆ ‘ಕೋರ್‌ಡಂಪ್‌ಸಿಟಿಎಲ್ ಡೀಬಗ್’, ಜಿಡಿಬಿ ಡೀಬಗರ್ ತೆರೆದ ಮೇಲೆ ‘ಬಿಟಿ ಫುಲ್’; ಇದು ಬ್ಯಾಕ್‌ಟ್ರೇಸ್ ತೋರಿಸುತ್ತದೆ, ಅಂದರೆ ಬೀಳುವಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತೆಂಬ ಪಟ್ಟಿ. ಸಾಲುಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಡೀಬಗ್ ಸಿಂಬಲ್ ಇಲ್ಲವೆಂದು ಅರ್ಥ. ‘-ಜಿ’ ಹಾಕಿ ಮತ್ತೆ ಕಂಪೈಲ್ ಮಾಡದೆ ಮುಂದೆ ಹೋಗುವುದರಲ್ಲಿ ಪ್ರಯೋಜನವಿಲ್ಲ.

ಸಿಗ್‌ಅಬಾರ್ಟ್ (ಪ್ರೋಗ್ರಾಂ ತನ್ನನ್ನು ತಾನೇ ನಿಲ್ಲಿಸಿಕೊಂಡದ್ದು) ಆಗಿದ್ದರೆ ಆ ಪಟ್ಟಿಯ ಮೇಲಿನ ಸಾಲುಗಳೆಲ್ಲ ಲೈಬ್ರರಿಯವು. ಅವನ್ನು ದಾಟಿ ನಮ್ಮದೇ ಫಂಕ್ಷನ್ ಹೆಸರು ಮೊದಲು ಕಾಣುವ ಸಾಲಿಗೆ ಇಳಿಯಬೇಕು. ಅದಕ್ಕಿಂತ ಮುಖ್ಯವಾದ ಸುಳಿವು ಸರ್ವಿಸ್ ಆಗಿ ಓಡಿಸಿದ್ದರೆ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ, ಟರ್ಮಿನಲ್‌ನಿಂದ ಓಡಿಸಿದ್ದರೆ ಅಲ್ಲೇ ಇರುತ್ತದೆ: ಯಾವ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯಲಾಯಿತು ಎಂದು ಅಲ್ಲಿ ಬರೆದಿರುತ್ತದೆ. ಅಕ್ಷರಗಳನ್ನು ಇಂಟ್ ಮಾಡುವ ‘ಸ್ಟಾಯ್’ ಫಂಕ್ಷನ್ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಸೆದಿದ್ದರೆ ಅದಕ್ಕೆ ಖಾಲಿ ಅಥವಾ ಅಂಕಿಯಿಲ್ಲದ ಸ್ಟ್ರಿಂಗ್ ಸಿಕ್ಕಿದೆ. ಸಸ್ಪೆಂಡ್‌ನಿಂದ ಎದ್ದ ಹೊಸತರಲ್ಲಿ ಬ್ಯಾಟರಿಯ ಈ ಕ್ಷಣದ ವ್ಯಾಟ್ ಇರುವ ‘ಪವರ್_ನೌ’ ಫೈಲ್ ಇದ್ದೇ ಇರುತ್ತದೆ, ಆದರೆ ಓದಲು ಹೋದರೆ ಕರ್ನಲ್ ‘ಇನೋಡೆವ್’ (ಅಂಥ ಸಾಧನವಿಲ್ಲ) ಎಂದು ವಾಪಸ್ ಕಳಿಸಬಹುದು. ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ರಾಪ್ಲ್‌ನ ‘ಎನರ್ಜಿ_ಯುಜೆ’ ಫೈಲನ್ನು ಸಾಮಾನ್ಯ ಬಳಕೆದಾರರಾಗಿ ಓದಿದರೂ ಫಲಿತಾಂಶ ಖಾಲಿಯೇ, ಏಕೆಂದರೆ 2020ರ ನವೆಂಬರಿನ ಪ್ಲಾಟಿಪಸ್ ದಾಳಿಯ ಸುದ್ದಿಯ ನಂತರ ಅದನ್ನು ಓದುವ ಅನುಮತಿ ರೂಟ್‌ಗೆ ಮಾತ್ರ ಉಳಿದಿದೆ. ಕೌಂಟರಿನ ಏರಿಳಿತದಿಂದ ಗುಪ್ತ ಕೀಗಳನ್ನು ಊಹಿಸಬಹುದೆಂದು ಆ ಸಂಶೋಧನೆ ತೋರಿಸಿತ್ತು. ಹಾಗಾಗಿ ಕ್ರ್ಯಾಶ್ ತಪ್ಪಿಸಲೆಂದು ಆ ಫೈಲಿನ ಅನುಮತಿಯನ್ನು ಎಲ್ಲರಿಗೂ ಬಿಡಿಸಬೇಡಿ.

ಅದೇ ‘ಸ್ಟಾಯ್’ ‘ಔಟ್ ಆಫ್ ರೇಂಜ್’ ಎಸೆದರೆ ಕಥೆ ಬೇರೆ. ‘ಎನರ್ಜಿ_ಯುಜೆ’ಯಲ್ಲಿರುವುದು ಮೈಕ್ರೊಜೂಲ್ ಲೆಕ್ಕ. ಇಂಟ್‌ನ ಗರಿಷ್ಠ ಬೆಲೆ 2147483647, ಅಂದರೆ ಸುಮಾರು 2147 ಜೂಲ್. ಪ್ರೊಸೆಸರ್ 10 ವ್ಯಾಟ್ ಎಳೆಯುತ್ತಿದ್ದರೆ ಮೂರೂವರೆ ನಿಮಿಷದಲ್ಲಿ ಆ ಗಡಿ ದಾಟುತ್ತದೆ. ಬೂಟ್ ಆದ ತಕ್ಷಣ ಪರೀಕ್ಷಿಸಿದರೆ ಟೂಲ್ ಸರಿಯಾಗಿಯೇ ಓಡುತ್ತದೆ. ಕೆಲವು ನಿಮಿಷ ಕಳೆದ ಮೇಲೆ ಎಷ್ಟು ಸಲ ಶುರು ಮಾಡಿದರೂ ಬೀಳುತ್ತದೆ. ಈಗ ನಾನು ಎಲ್ಲ ಓದುವಿಕೆಯನ್ನೂ ಒಂದೇ ಫಂಕ್ಷನ್‌ಗೆ ತಂದಿದ್ದೇನೆ. ಅದು ‘ಫ್ರಮ್_ಚಾರ್ಸ್’ ಬಳಸಿ 64 ಬಿಟ್ ಅಂಕಿಗೆ ಬದಲಿಸುತ್ತದೆ, ಎಕ್ಸೆಪ್ಶನ್ ಎಸೆಯುವುದಿಲ್ಲ, ಬೆಲೆ ಸಿಗದಿದ್ದರೆ ಖಾಲಿ ‘ಆಪ್ಶನಲ್’ (ಬೆಲೆ ಇರಲೂಬಹುದು, ಇಲ್ಲದಿರಲೂಬಹುದು ಎನ್ನುವ ಬಗೆ) ಕೊಡುತ್ತದೆ.

64 ಬಿಟ್ ಮಾಡಿದರೂ ರಾಪ್ಲ್‌ನಲ್ಲಿ ಇನ್ನೊಂದು ತೊಡಕು ಉಳಿಯುತ್ತದೆ. ಕೌಂಟರ್ ತುಂಬಿದಾಗ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ‘ಮ್ಯಾಕ್ಸ್_ಎನರ್ಜಿ_ರೇಂಜ್_ಯುಜೆ’ ಫೈಲ್ ನೋಡಿ, ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ 262143328850 ಎಂದಿರುತ್ತದೆ. 15 ವ್ಯಾಟ್‌ನಲ್ಲಿ ಇದು ತುಂಬಲು 4 ಗಂಟೆ 51 ನಿಮಿಷ, 60 ವ್ಯಾಟ್‌ನಲ್ಲಿ 73 ನಿಮಿಷ ಸಾಕು. ಆ ಕ್ಷಣದಲ್ಲಿ ಹೊಸದರಿಂದ ಹಳೆಯದನ್ನು ಕಳೆದರೆ, ಚಿಹ್ನೆಯಿಲ್ಲದ ಅಂಕಿಯಾದ್ದರಿಂದ ಉತ್ತರ ಅಗಾಧವಾಗಿ ಬರುತ್ತದೆ. ಕಳೆಯುವ ಸಾಲು ಕ್ರ್ಯಾಶ್ ಆಗುವುದಿಲ್ಲ. ಆ ಉತ್ತರವನ್ನೇ ಅರೇ ಇಂಡೆಕ್ಸ್ ಮಾಡಿಕೊಂಡು ಗ್ರಾಫ್ ಬಿಡಿಸುವ ಫಂಕ್ಷನ್ ಸಿಗ್‌ಸೆಗ್‌ವಿ (ತನ್ನದಲ್ಲದ ಮೆಮೊರಿ ಮುಟ್ಟಿದ್ದು) ಆಗಿ ಬೀಳುತ್ತದೆ. ಬ್ಯಾಕ್‌ಟ್ರೇಸ್ ಗ್ರಾಫಿನ ಕಡೆ ಬೆರಳು ತೋರಿಸುತ್ತದೆ, ತಪ್ಪು ಇರುವುದು ಓದುವ ಕಡೆ. ಹೊಸದು ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಗರಿಷ್ಠ ಬೆಲೆಯನ್ನು ಕೂಡಿಸಿ ಕಳೆಯಬೇಕು. ಸಸ್ಪೆಂಡ್‌ನಿಂದ ಎದ್ದ ನಂತರದ ಮೊದಲ ವ್ಯತ್ಯಾಸವನ್ನಂತೂ ನಾನು ಬಿಟ್ಟೇಬಿಡುತ್ತೇನೆ.

ಸಿಗ್‌ಎಫ್‌ಪಿಇ (ಇಲ್ಲಿ ಸೊನ್ನೆಯಿಂದ ಭಾಗಿಸಿದ್ದು) ಸುಲಭ. ಚಾರ್ಜರ್ ಹಾಕಿ ಬ್ಯಾಟರಿ ತುಂಬಿದಾಗ ‘ಪವರ್_ನೌ’ ಸೊನ್ನೆ; ಉಳಿದ ಸಮಯಕ್ಕಾಗಿ ಅದರಿಂದ ಭಾಗಿಸುತ್ತೇವೆ. ಡಬಲ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ: ಆಗ ಉತ್ತರ ಅನಂತ, ಅದನ್ನು ಇಂಟ್‌ಗೆ ತಂದರೆ ಎಕ್ಸ್86ನಲ್ಲಿ ಸಾಮಾನ್ಯವಾಗಿ -2147483648. ಭಾಗಿಸುವ ಮೊದಲೇ ಸೊನ್ನೆಯನ್ನು ತಡೆಯಿರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ಪವರ್_ನೌ’ ಇರುವುದೇ ಇಲ್ಲ, ‘ಕರೆಂಟ್_ನೌ’ ಮತ್ತು ‘ವೋಲ್ಟೇಜ್_ನೌ’ ಮಾತ್ರ. 1.5 ಆಂಪಿಯರ್, 12 ವೋಲ್ಟ್ ಎಂದರೆ ಅಲ್ಲಿನ ಮೈಕ್ರೊ ಲೆಕ್ಕದಲ್ಲಿ 1500000 ಗುಣಿಸು 12000000; ಇದೂ 32 ಬಿಟ್‌ನಲ್ಲಿ ಹಿಡಿಸದು. ಕೆಲವು ಡ್ರೈವರ್‌ಗಳು ಬ್ಯಾಟರಿ ಖಾಲಿಯಾಗುವಾಗ ಕರೆಂಟನ್ನು ಋಣ ಸಂಖ್ಯೆಯಾಗಿ ಕೊಡುತ್ತವೆ.

ವೈರ್‌ಲೆಸ್ ಮೌಸ್‌ನ ಬ್ಯಾಟರಿಯೂ ಇದೇ ಫೋಲ್ಡರಿನಲ್ಲಿ ಬಂದು ಹೋಗುತ್ತಿರುತ್ತದೆ. ‘ಸ್ಕೋಪ್’ ಫೈಲಿನಲ್ಲಿ ‘ಡಿವೈಸ್’ ಎಂದಿದ್ದರೆ ಅದನ್ನು ಪಟ್ಟಿಗೇ ಸೇರಿಸಬೇಡಿ. ಪಟ್ಟಿಯ ಮೇಲೆ ಲೂಪ್ ಓಡುತ್ತಿರುವಾಗಲೇ ಅದರಿಂದ ತೆಗೆದುಹಾಕಿದರೆ ಮೆಮೊರಿ ತಪ್ಪುಗಳು ಹುಟ್ಟುತ್ತವೆ. ಇವಕ್ಕೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಆಯ್ಕೆ) ಹಾಕಿ ಕಂಪೈಲ್ ಮಾಡಿ ಓಡಿಸುವುದೇ ಸರಿ. ಸ್ಯಾನಿಟೈಸರಿನ ಆಯ್ಕೆಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಡುವಾಗ ಸುಡೊ ನಂತರ ಬರೆಯಬೇಕು. ಮುಂಚೆ ಬರೆದರೆ ಸುಡೊ ಅವನ್ನು ಒಳಗೆ ಬಿಡುವುದಿಲ್ಲ.

ಬೇಕೆಂದಾಗ ಕ್ರ್ಯಾಶ್ ಮರುಕಳಿಸಲು ಕರ್ನಲ್‌ನ ‘ಟೆಸ್ಟ್_ಪವರ್’ ಮಾಡ್ಯೂಲ್ ತುಂಬ ಉಪಯೋಗ. ಅದು ಸುಳ್ಳು ಬ್ಯಾಟರಿಯೊಂದನ್ನು ಸೃಷ್ಟಿಸುತ್ತದೆ. ಟೂಲ್ ಓಡುತ್ತಿರುವಾಗಲೇ ಮಾಡ್ಯೂಲನ್ನು ‘ಆರ್‌ಎಂಮಾಡ್’ನಿಂದ ತೆಗೆದರೆ ಬ್ಯಾಟರಿ ಮಾಯ. ‘ಇನೋಡೆವ್’ ಬೇಕಿದ್ದರೆ ಎಸ್‌ಟ್ರೇಸ್‌ನ ‘ಇಂಜೆಕ್ಟ್’ ಆಯ್ಕೆಯಿಂದ ರೀಡ್ ಕರೆಗೆ ಆ ದೋಷವನ್ನೇ ತುರುಕಬಹುದು. ಕೊನೆಗೆ, ಲ್ಯಾಪ್‌ಟಾಪನ್ನು ಮಲಗಿಸಿ ಹೇಳಿದ ಹೊತ್ತಿಗೆ ಎಬ್ಬಿಸುವ ‘ಆರ್‌ಟಿಸಿವೇಕ್’ನಿಂದ 20 ಸೆಕೆಂಡಿನ ಸಸ್ಪೆಂಡ್ ಅನ್ನು 30 ಸಲ ಓಡಿಸುತ್ತೇನೆ.

ಬೆಲೆ ಸಿಗದಿದ್ದಾಗ ಪರದೆಯ ಮೇಲೆ ಸೊನ್ನೆ ಹಾಕಬೇಡಿ, ಅಡ್ಡಗೆರೆ ಹಾಕಿ. ಬ್ಯಾಟರಿ ತುಂಬಿ ನಿಂತಾಗ 0 ವ್ಯಾಟ್ ಎಂಬುದು ನಿಜವಾದ ಅಳತೆಯೇ, ಓದಲಾಗದ ಫೈಲಿಗೂ ಅದನ್ನೇ ತೋರಿಸಿದರೆ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ.