ಚುಕ್ಕೆ ಚೀಟಿಯ ತಪಸ್ಸು ಕಾಲ: ನನ್ನ ಅನುಭವ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲವನ್ನು ಅಂತರಂಗದ ಅವಲೋಕನಕ್ಕೆ ಮೀಸಲಿಡುವುದು ನಮ್ಮಂಥ ಪಾಳಿ ಕೆಲಸದವರ ಸಮುದಾಯದಲ್ಲಿ ಆಗದ ಮಾತು ಎಂದು ನಮ್ಮ ಧರ್ಮಕೇಂದ್ರದ, ಅಂದರೆ ಕಥೋಲಿಕ ಚರ್ಚಿನ, ಪಾಲನಾ ಪರಿಷತ್ತಿನ ಹಿರಿಯರು ನನಗೆ ಹಲವು ಸಲ ಹೇಳಿದ್ದರು. ಈಗ ಮೂರ್ನಾಲ್ಕು ವರ್ಷಗಳಿಂದ, ತಪ್ಪಿದಾಗಲೆಲ್ಲ ಚುಕ್ಕೆ ಹಾಕಿಕೊಳ್ಳುವ ಸಣ್ಣ ಚೀಟಿಯೊಂದರ ನೆರವಿನಿಂದ ಅದು ನಡೆಯುತ್ತಿದೆ, ಹಾಗೆ ಹೇಳಿದವರಲ್ಲೇ ಇಬ್ಬರು ಈಗ ಚೀಟಿ ಹಂಚುವ ಕೆಲಸಕ್ಕೆ ಮುಂದೆ ಬಂದಿದ್ದಾರೆ. ಆದ್ದರಿಂದ ಇದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಈ ಕಾಲ ಆರಂಭವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯವರೆಗಿನ ವಿಧಿಗಳನ್ನು ಬಲ್ಲವರಿಗೆ, ಯೇಸುವಿನ ಯಾತನೆಯ ಘಟನೆಗಳನ್ನು ಸ್ಥಳದಿಂದ ಸ್ಥಳಕ್ಕೆ ನಡೆದು ಧ್ಯಾನಿಸುವ ಶಿಲುಬೆ ಹಾದಿಯ ಹೊಣೆಯನ್ನು ಒಮ್ಮೆಯಾದರೂ ಹೊತ್ತವರಿಗೆ ಇದು ಉಪಯೋಗವಾದೀತು.

ನಾವಿರುವುದು ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ. ಗದಗ, ಬೆಳಗಾವಿ, ಕಲಬುರಗಿ, ಶಿವಮೊಗ್ಗದ ಕಡೆಗಳಿಂದ ಬಂದ ಸುಮಾರು ಎಂಬತ್ತು ಕನ್ನಡ ಕುಟುಂಬಗಳು ಇಲ್ಲಿವೆ. ಬೆಳಗಾವಿ ಧರ್ಮಕ್ಷೇತ್ರವು (ಬಿಷಪರೊಬ್ಬರ ಆಡಳಿತ ಪ್ರದೇಶ) 1953ರಲ್ಲಿ ಪುಣೆ ಮತ್ತು ಗೋವಾ ಧರ್ಮಕ್ಷೇತ್ರಗಳ ಭಾಗಗಳನ್ನು ಸೇರಿಸಿ ರಚನೆಯಾದದ್ದು. ಹೀಗಾಗಿ ನಮ್ಮಲ್ಲಿನ ಹಿರಿಯರಿಗೆ ಪುಣೆ ಪರಸ್ಥಳವೆಂದು ಅನ್ನಿಸುವುದಿಲ್ಲ. ಆದರೂ ಇಲ್ಲಿಯ ನಿತ್ಯದ ಬಲಿಪೂಜೆ (ಮಾಸ್) ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ, ಕನ್ನಡದ ಪೂಜೆ ತಿಂಗಳಿಗೊಮ್ಮೆ ಮಾತ್ರ. ನಗರ ರಸ್ತೆಯ ಜ್ಞಾನದೀಪ ವಿದ್ಯಾಪೀಠಕ್ಕೆ ಉನ್ನತ ವ್ಯಾಸಂಗಕ್ಕಾಗಿ ಬಂದಿರುವ ಕರ್ನಾಟಕದ ಗುರುಗಳಲ್ಲಿ (ಪಾದ್ರಿಗಳಲ್ಲಿ) ಯಾರಾದರೂ ಬಿಡುವು ಮಾಡಿಕೊಂಡು ಬಂದರೆ ಅದು ನಮ್ಮ ಭಾಗ್ಯ. ತಪಸ್ಸು ಕಾಲವು ಹೆಚ್ಚಿನ ವರ್ಷಗಳಲ್ಲಿ ಮಾರ್ಚ್ ತಿಂಗಳನ್ನು ಆವರಿಸುತ್ತದೆ, ಮತ್ತು ಕಾರ್ಖಾನೆಗಳಲ್ಲಿ ವರ್ಷಾಂತ್ಯದ ಗುರಿ ಮುಟ್ಟಿಸಲು ಓವರ್‌ಟೈಮ್ ಹೇರುವುದೂ ಅದೇ ಮಾರ್ಚ್‌ನಲ್ಲಿ. ನಮ್ಮ ಎಲ್ಲ ತೊಡಕುಗಳ ಬೇರು ಈ ಹೊಂದಾಣಿಕೆಯಿಲ್ಲದ ಎರಡು ಕಾಲಗಳ ನಡುವೆ ಇತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಹಾಗೆ ಧ್ಯಾನಕೂಟ. ದೂರದ ಊರಿನಿಂದ ಹೆಸರಾಂತ ಬೋಧಕರೊಬ್ಬರನ್ನು ಅವರ ಗಾಯನ ತಂಡದ ಸಮೇತ ಕರೆಸಿದೆವು. ಪೆಂಡಾಲು, ಧ್ವನಿವರ್ಧಕ, ಪ್ರಯಾಣ, ಎರಡು ಹೊತ್ತಿನ ಊಟ, ಕಾಣಿಕೆ ಎಲ್ಲ ಸೇರಿ ನಲವತ್ತು ಸಾವಿರದ ಮೇಲಾಯಿತು. ಅದರಲ್ಲಿ ಹತ್ತು ಹನ್ನೆರಡು ಸಾವಿರವನ್ನು ಸಂಘದ ಉಳಿತಾಯದಿಂದ ತುಂಬಿಸಬೇಕಾಯಿತು. ಜನ ಬಂದರು, ಅತ್ತರು, ಕೈ ಎತ್ತಿ ಹಾಡಿದರು. ಮುಂದಿನ ಶುಕ್ರವಾರ ಶಿಲುಬೆ ಹಾದಿಗೆ ಬಂದವರು ಮಾತ್ರ ಹಿಂದಿನ ವರ್ಷ ಬಂದಷ್ಟೇ ಜನ. ಮರುವರ್ಷ ದಿನಕ್ಕೊಂದು ಪುಟದ ಧ್ಯಾನ ಪುಸ್ತಿಕೆಯನ್ನು ಅಚ್ಚು ಹಾಕಿಸಿದೆವು. ಮುನ್ನೂರು ಪ್ರತಿಗೆ ಒಂಬತ್ತು ಸಾವಿರದಷ್ಟು ತಗುಲಿತೆಂದು ನೆನಪು, ಅರ್ಧಕ್ಕೂ ಹೆಚ್ಚು ಪ್ರತಿಗಳು ಪೂಜಾ ವಸ್ತ್ರಗಳ ಕೋಣೆಯ ಬೀರುವಿನಲ್ಲಿ ಉಳಿದವು. ಬಳಿಕ ಖರ್ಚೇ ಇಲ್ಲವೆಂದು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ದಿನಕ್ಕೊಂದು ವಚನ ಮತ್ತು ಒಂದು ಪ್ರಶ್ನೆ ಕಳಿಸುವುದು ಯೋಜನೆ. ಎರಡನೆಯ ವಾರದ ಹೊತ್ತಿಗೆ ಶುಭೋದಯದ ಚಿತ್ರಗಳ ನಡುವೆ ಪ್ರಶ್ನೆ ಎಲ್ಲಿದೆ ಎಂದು ನನಗೇ ಹುಡುಕಲಾಗಲಿಲ್ಲ.

ಅನಂತರದ್ದು ನೋಟ್‌ಬುಕ್ಕಿನ ಪ್ರಯೋಗ, ಅದು ಸೋತ ರೀತಿಯಿಂದಲೇ ದಾರಿ ತೆರೆಯಿತು. ಪ್ರತಿ ಮನೆಗೆ ಒಂದೊಂದು ಸಣ್ಣ ನೋಟ್‌ಬುಕ್ ಕೊಟ್ಟು, ರಾತ್ರಿ ಮಲಗುವ ಮುನ್ನ ಆ ದಿನದ ಆತ್ಮಶೋಧನೆಯನ್ನು ಎರಡು ಸಾಲು ಬರೆಯಿರಿ ಎಂದು ಕೇಳಿಕೊಂಡೆವು. ಯಾರೂ ಬರೆಯಲಿಲ್ಲ. ಕಾರಣವನ್ನು ಗದಗಿನ ಕಡೆಯ ತಾಯಿಯೊಬ್ಬರು ಹೇಳಿದರು: "ತಮ್ಮಾ, ಒಂದ ಖೋಲಿಯೊಳಗ ಐದು ಮಂದಿ ಇರತೀವಿ. ನಾ ಬರದದ್ದನ್ನ ಸೊಸಿ ಓದತಾಳ, ಅಕಿ ಬರದದ್ದನ್ನ ನಾ ಓದತೀನಿ. ಮತ್ತ ಜಗಳಾನ ಆಗತೈತಿ." ನಮ್ಮ ಜನರಿಗೆ ಅಂತರಂಗವಿಲ್ಲವೆಂದಲ್ಲ, ಅದನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ. ಬರೆದರೂ ಇನ್ನೊಬ್ಬರು ಓದಲಾಗದಂಥದ್ದು ಬೇಕಾಗಿತ್ತು.

ಅದು ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರಲ್ಲಿ ಸಿಕ್ಕಿತು. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ಅವರ ಧ್ಯಾನಸಾಧನೆಯ ಕೈಪಿಡಿಯಲ್ಲಿ, ಇಡೀ ದಿನವನ್ನು ಒಟ್ಟಾಗಿ ನೋಡುವ ಸಾಮಾನ್ಯ ಆತ್ಮಶೋಧನೆಯ ಜೊತೆಗೆ, ಒಂದೇ ಒಂದು ದೋಷವನ್ನು ಹಿಡಿದು ನಡೆಸುವ ವಿಶೇಷ ಆತ್ಮಶೋಧನೆಯೂ ಇದೆ. ಬೆಳಿಗ್ಗೆ ಎದ್ದಾಗ ಆ ದೋಷದ ಬಗ್ಗೆ ಎಚ್ಚರದಿಂದಿರುವ ಸಂಕಲ್ಪ, ಮಧ್ಯಾಹ್ನದ ಊಟವಾದ ಮೇಲೆ ಒಂದು ಲೆಕ್ಕ, ರಾತ್ರಿಯ ಊಟವಾದ ಮೇಲೆ ಇನ್ನೊಂದು ಲೆಕ್ಕ. ದಿನಕ್ಕೆ ಎರಡು ಗೆರೆ. ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕೆ. ಎರಡನೆಯ ಗೆರೆಯನ್ನು ಮೊದಲನೆಯದರೊಂದಿಗೆ, ಇಂದನ್ನು ನಿನ್ನೆಯೊಂದಿಗೆ, ಈ ವಾರವನ್ನು ಕಳೆದ ವಾರದೊಂದಿಗೆ ಹೋಲಿಸಿ ನೋಡಬೇಕು. ಇದನ್ನು ಗುರುಗಳೊಬ್ಬರು ತೋರಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಭೋಸರಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದವನು. ಈ ಗೆರೆ ಮತ್ತು ಚುಕ್ಕೆ ದೋಷವಿರುವ ಬಿಡಿಭಾಗಗಳನ್ನು ಎಣಿಸಿ ಗುರುತು ಹಾಕುವ ನಮ್ಮ ರಿಜೆಕ್ಷನ್ ಶೀಟಿನ ಹಾಗೆಯೇ ಇತ್ತು. ನಮ್ಮ ಗಂಡಸರಲ್ಲಿ ಹೆಚ್ಚಿನವರು ಪಾಳಿ ಮುಗಿಯುವಾಗ ಅಂಥ ಶೀಟನ್ನು ತುಂಬುವವರೇ ಆಗಿದ್ದರಿಂದ ಅದನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ.

ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನಗಳು, ಆರು ಭಾನುವಾರಗಳನ್ನು ಕಳೆದರೆ 40. ಹೀಗಾಗಿ 40 ಸಾಲುಗಳು, ಪ್ರತಿ ಸಾಲಿನಲ್ಲಿ ಎರಡು ಗೆರೆ. ಜೇಬಿನಲ್ಲಿ ಹಿಡಿಸುವ ದಪ್ಪ ಕಾಗದದ ಮಡಿಕೆ ಚೀಟಿಯನ್ನು ಮಾಡಿಸಿದೆ. ಹೆಸರಿಲ್ಲ, ದೋಷದ ಹೆಸರೂ ಇಲ್ಲ, ಒಂದಕ್ಷರ ಬರೆಯುವ ಜಾಗವೂ ಇಲ್ಲ. ಸೊಸೆ ನೋಡಿದರೂ ಅತ್ತೆ ನೋಡಿದರೂ ಕಾಣುವುದು ಚುಕ್ಕೆ ಮಾತ್ರ. ಭಾನುವಾರ ಗುರುತು ಹಾಕುವುದಿಲ್ಲ, ಅದು ಪುನರುತ್ಥಾನದ ದಿನ. ಇಗ್ನಾಸಿಯವರು ಹೇಳುವ ಇನ್ನೊಂದು ಸಣ್ಣ ಅಭ್ಯಾಸ ನಮ್ಮವರಿಗೆ ಅತಿ ಹೆಚ್ಚು ಒಗ್ಗಿತು: ದೋಷದಲ್ಲಿ ಬಿದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪ ಪಡುವುದು, ಇದನ್ನು ಹತ್ತು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು. ಯಂತ್ರದ ಮುಂದೆ ನಿಂತವನಿಗೆ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದವಳಿಗೆ ಇದಕ್ಕಿಂತ ಅನುಕೂಲವಾದ ಪ್ರಾರ್ಥನೆಯನ್ನು ನಾನು ಕಂಡಿಲ್ಲ.

ಒಂದೇ ದೋಷವನ್ನು ಆರಿಸಿಕೊಳ್ಳುವುದೇ ಕಷ್ಟದ ಭಾಗ. ಬಿಟ್ಟರೆ ಎಲ್ಲರೂ "ಸಿಟ್ಟು" ಎಂದು ಹೇಳಿ ಮುಗಿಸುತ್ತಾರೆ. ವಿಭೂತಿ ಬುಧವಾರದ ಸಂಜೆ ನಾನು ಅವರ ಮುಂದೆ ಒಂದು ಪ್ರಶ್ನೆಯನ್ನಿಡುತ್ತೇನೆ, ಅದಕ್ಕೆ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡವರಿಗೆ ತಮ್ಮ ದೋಷ ತಾನಾಗಿ ಎದುರು ನಿಲ್ಲುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಮುಂಚಿತವಾಗಿ ಕೇಳಿಸಿಕೊಂಡವರ ಮೇಲೆ ಅದು ಪರಿಣಾಮ ಬೀರುವುದಿಲ್ಲ ಎಂಬುದನ್ನು ನೋಡಿದ್ದೇನೆ.

ಚೀಟಿ ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ಶುಕ್ರವಾರದ ಆಸರೆ ಬೇಕು. ನಮ್ಮಲ್ಲಿ ಶಿಲುಬೆ ಹಾದಿಯ 14 ಸ್ಥಳಗಳನ್ನು ಮೈಕಿನಲ್ಲಿ ಓದಿ, ಹಾಡಿ, ಮೊಣಕಾಲೂರಿ ಎದ್ದು ಇಪ್ಪತ್ತೈದು ನಿಮಿಷಗಳಲ್ಲಿ ಮುಗಿಸುತ್ತಿದ್ದರು. ಪಂಚಾಂಗವನ್ನು ನೋಡುವಾಗ ನನಗೆ ಹೊಳೆದದ್ದೆಂದರೆ, ಶುಭ ಶುಕ್ರವಾರವೂ ಸೇರಿ ಈ ಕಾಲದಲ್ಲಿ ಏಳು ಶುಕ್ರವಾರಗಳು ಬರುತ್ತವೆ. ವಾರಕ್ಕೆ ಎರಡು ಸ್ಥಳಗಳಂತೆ ಹಿಡಿದರೆ ಹದಿನಾಲ್ಕು ಸರಿಯಾಗಿ ಮುಗಿಯುತ್ತವೆ. ಹಿರಿಯರು ಒಪ್ಪಲಿಲ್ಲ. ಹದಿನಾಲ್ಕನ್ನೂ ಸುತ್ತದಿದ್ದರೆ ಅದು ಶಿಲುಬೆ ಹಾದಿಯೇ ಅಲ್ಲವೆಂದರು, ಅವರ ಮಾತಿನಲ್ಲಿ ತಥ್ಯವಿತ್ತು. ಕೊನೆಗೆ ಹದಿನಾಲ್ಕು ಸ್ಥಳಗಳ ಮುಂದೆಯೂ ನಡೆದು ನಿಲ್ಲುವುದು, ಎರಡು ಸ್ಥಳಗಳಲ್ಲಿ ಮಾತ್ರ ಓದಿ ಧ್ಯಾನಿಸುವುದು, ಮುಗಿದ ಮೇಲೆ ಕಾಲು ಗಂಟೆ ಮೌನವಾಗಿ ಕೂರುವುದು ಎಂದು ತೀರ್ಮಾನವಾಯಿತು. ಮೂರನೆಯ ಶುಕ್ರವಾರ ಐದು ಮತ್ತು ಆರನೆಯ ಸ್ಥಳಗಳು ಬರುತ್ತವೆ. ಹೊಲದ ಕಡೆಯಿಂದ ಬರುತ್ತಿದ್ದ ಸಿರೇನಿನ ಸಿಮೋನನನ್ನು ಹಿಡಿದು ಶಿಲುಬೆ ಹೊರಿಸಿದರೆಂಬ ಮಾತನ್ನು ಮೊದಲ ಪಾಳಿ ಮುಗಿಸಿ ಎಣ್ಣೆಯ ಕೈಯಲ್ಲೇ ಬಂದವರ ಮುಂದೆ ಓದಿದಾಗ, ಬೇರೆ ಪ್ರವಚನ ಬೇಕಾಗಲಿಲ್ಲ.

ಮೌನದ ಮೊದಲ ಶುಕ್ರವಾರ ಐದು ನಿಮಿಷದೊಳಗೆ ಕೆಮ್ಮು, ಬಳೆ ಸದ್ದು, ಮೊಬೈಲ್ ಎಲ್ಲವೂ ಬಂದವು. ಗಾಯನ ವೃಂದದವರು ಹಾರ್ಮೋನಿಯಂ ಮುಟ್ಟದೆ ಕೂರಲಾರದೆ ಚಡಪಡಿಸಿದರು. ತಪಸ್ಸು ಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕೆಂಬ ನಿಯಮ ಅವರಿಗೂ ಗೊತ್ತು, ಅಭ್ಯಾಸ ಬಿಡಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಕಾಲು ಗಂಟೆ ಸಾಲದೆಂದು ಕೆಲವರೇ ಕೇಳಿದರು. ಅಲ್ಲಿಯವರೆಗೆ ಜನರನ್ನು ಹಿಡಿದಿಡಲು ಕೂರುವ ಕ್ರಮದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಅದನ್ನು ನೋಡಬಯಸುವವರು ಒಂದು ಶುಕ್ರವಾರ ನಮ್ಮಲ್ಲಿಗೆ ಬರಬಹುದು.

ಈ ನಡುವೆ ಕೆಲವು ಉಪಪ್ರಯೋಗಗಳೂ ನಡೆದವು. ಮಕ್ಕಳಿಗೆ ಬೇರೆ ಚೀಟಿ ಮಾಡಿದಾಗ ಅವರು ಯಾರ ಚುಕ್ಕೆ ಕಡಿಮೆಯೆಂದು ಪಂದ್ಯ ಕಟ್ಟಿದರು, ಆದ್ದರಿಂದ ಎರಡೇ ವಾರದಲ್ಲಿ ಹಿಂದಕ್ಕೆ ಪಡೆದೆವು. ಹದಿನಾಲ್ಕು ದಾಟದವರಿಗೆ ಈಗ ಚೀಟಿ ಕೊಡುವುದಿಲ್ಲ. ಮೊಬೈಲ್ ಮುಟ್ಟಿದಾಗಲೆಲ್ಲ ಚುಕ್ಕೆ ಹಾಕಲು ಹೊರಟ ಯುವಕರ ಚೀಟಿಯಲ್ಲಿ ಒಂದೇ ದಿನಕ್ಕೆ ಜಾಗ ಮುಗಿಯಿತು. ಅವರಿಗೆ ಈಗ ಊಟದ ಹೊತ್ತಿನಲ್ಲಿ ಮುಟ್ಟಿದ್ದನ್ನಷ್ಟೇ ಎಣಿಸಲು ಹೇಳುತ್ತೇನೆ. ಉಪವಾಸದ ವಿಷಯದಲ್ಲಿ, ಶುಕ್ರವಾರ ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯ ಪಾಪ್ಲೆಟ್ ಮೀನು ತರುವ ರೂಢಿ ನನ್ನನ್ನು ಬಹುಕಾಲ ಕಾಡಿತ್ತು. ಶುಕ್ರವಾರ ರಾತ್ರಿ ಜೋಳದ ಅಂಬಲಿ ಅಥವಾ ಗಂಜಿ ಮಾತ್ರ, ಉಳಿದ ಹಣ ಮನೆಯ ಡಬ್ಬಿಗೆ ಎಂದು ಗೊತ್ತುಮಾಡಿದೆವು.

ಈ ಡಬ್ಬಿಯೇ ನನ್ನನ್ನು ಒಂದು ಗಂಭೀರ ಆಕ್ಷೇಪದಿಂದ ಕಾಪಾಡಿತು. ಪಾಲನಾ ಪರಿಷತ್ತಿನಲ್ಲಿ ಓದಿಕೊಂಡ ಸದಸ್ಯರೊಬ್ಬರು, ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನದ 110ನೆಯ ಪರಿಚ್ಛೇದವನ್ನು ಮುಂದಿಟ್ಟರು. ತಪಸ್ಸು ಕಾಲದ ಪ್ರಾಯಶ್ಚಿತ್ತವು ಆಂತರಿಕ ಮತ್ತು ವೈಯಕ್ತಿಕವಾಗಿದ್ದರಷ್ಟೇ ಸಾಲದು, ಬಾಹ್ಯವೂ ಸಾಮಾಜಿಕವೂ ಆಗಿರಬೇಕೆಂದು ಅದು ಹೇಳುತ್ತದೆ; ನಿಮ್ಮ ಚುಕ್ಕೆಯಲ್ಲಿ ಸಮಾಜ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಆ ವರ್ಷದ ಡಬ್ಬಿಗಳನ್ನು ಪವಿತ್ರ ಗುರುವಾರ ಒಡೆದಾಗ ಹದಿನೆಂಟು ಸಾವಿರದ ಆಸುಪಾಸು ಹಣ ಬಂತು. ಗುತ್ತಿಗೆ ಕೆಲಸ ಕಳೆದುಕೊಂಡ ಎರಡು ಕುಟುಂಬಗಳ ಬಾಡಿಗೆಗೆ ಮತ್ತು ಒಬ್ಬರ ಡಯಾಲಿಸಿಸ್ ವೆಚ್ಚಕ್ಕೆ ಅದು ಹೋಯಿತು. ಆ ಸದಸ್ಯರು ಮತ್ತೆ ಪ್ರಶ್ನೆ ಕೇಳಲಿಲ್ಲ; ಮಾತ್ರವಲ್ಲ, ಲೆಕ್ಕ ಬರೆಯುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ.

ಫಲ ಕಂಡದ್ದು ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ತಮ್ಮ ಪಾಪಗಳನ್ನು ಹೇಳಿಕೊಳ್ಳುವುದರಲ್ಲಿ. ಮೊದಲು ಪವಿತ್ರ ವಾರದಲ್ಲಿ ಕನ್ನಡದಲ್ಲಿ ಪಾಪನಿವೇದನೆಗೆ ಬರುತ್ತಿದ್ದವರು ಹದಿನೈದು ಇಪ್ಪತ್ತು ಜನ. ಚೀಟಿಯ ಎರಡನೆಯ ವರ್ಷ ಎಪ್ಪತ್ತಕ್ಕೂ ಹೆಚ್ಚು ಜನ ಸರದಿಯಲ್ಲಿ ನಿಂತರು, ಇನ್ನೊಬ್ಬ ಕನ್ನಡ ಬಲ್ಲ ಗುರುಗಳನ್ನು ತುರ್ತಾಗಿ ಕರೆತರಬೇಕಾಯಿತು. ತಮಗೆ ಏನು ಹೇಳಬೇಕೆಂಬುದು ಗೊತ್ತಿರುವುದರಿಂದ ಜನರು ಈಗ ಧೈರ್ಯವಾಗಿ ಬರುತ್ತಾರೆ ಎನ್ನುವುದು ನನ್ನ ತಿಳಿವಳಿಕೆ. ಆದರೆ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಚುಕ್ಕೆಯ ಸಂಖ್ಯೆಯನ್ನೇ ಹಿಡಿದು ಕುಗ್ಗುವವರೂ ಇರುತ್ತಾರೆ. ಮೊದಲ ಎರಡು ವಾರಗಳಲ್ಲಿ ಚುಕ್ಕೆ ಹೆಚ್ಚಾಗುವುದು ಸಹಜ, ಏಕೆಂದರೆ ಕಾಣದಿದ್ದದ್ದು ಕಾಣತೊಡಗುತ್ತದೆ. ಅಂಥವರಿಂದ ಚೀಟಿ ಹಿಂದಕ್ಕೆ ಪಡೆದು, ರಾತ್ರಿ ದೇವರಿಗೆ ಒಂದು ಕೃತಜ್ಞತೆ ಹೇಳಿ ಮಲಗಿರಿ ಎಂದು ಗುರುಗಳೇ ಹೇಳುತ್ತಾರೆ. ಚೀಟಿ ಹಂಚುವವರು ಗುರುಗಳ ಜೊತೆಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಖರ್ಚಿನ ಮಾತು ಹೇಳಿಬಿಡುತ್ತೇನೆ. ಇನ್ನೂರು ಚೀಟಿಗೆ ಅಚ್ಚು ಮತ್ತು ಮಡಿಕೆ ಸೇರಿ ಆರೇಳು ನೂರು ರೂಪಾಯಿ, ಗುರುಗಳ ಪ್ರಯಾಣಕ್ಕೆ ಒಂದೂವರೆ ಸಾವಿರ, ಶುಕ್ರವಾರದ ಗಂಜಿಗೆ ಅಕ್ಕಿ ಮತ್ತು ಗ್ಯಾಸ್ ಸೇರಿ ಎರಡು ಸಾವಿರದೊಳಗೆ. ಧ್ಯಾನಕೂಟದ ಒಂದು ವರ್ಷದ ವೆಚ್ಚದಲ್ಲಿ ಇದನ್ನು ಹತ್ತು ವರ್ಷ ನಡೆಸಬಹುದು. ಪಕ್ಕದ ಧರ್ಮಕೇಂದ್ರದ ತಮಿಳು ಸಮುದಾಯದವರು ಚೀಟಿಯ ನಮೂನೆ ಒಯ್ದಿದ್ದಾರೆ. ಭಾಷೆಯ ತೊಡಕು ಇರಲಿಲ್ಲ, ಅದರಲ್ಲಿ ಅಕ್ಷರವೇ ಇಲ್ಲ.

ಬಗೆಹರಿಯದೆ ಉಳಿದಿರುವುದು ರಾತ್ರಿ ಪಾಳಿಯವರ ಸಮಸ್ಯೆ. ಅವರ ಬೆಳಗು ಸಂಜೆಗೆ, ಮಧ್ಯಾಹ್ನ ನಡುರಾತ್ರಿಗೆ, ಮತ್ತು ಪಾಳಿ ಬದಲಾದ ವಾರ ಎರಡು ಗೆರೆಗಳ ಲೆಕ್ಕವೇ ತಪ್ಪುತ್ತದೆ. ಬರುವ ವರ್ಷಕ್ಕೆ ಅವರಿಗಾಗಿ ಐವತ್ತು ಚೀಟಿಗಳನ್ನು ಬೇರೆಯಾಗಿ ಅಚ್ಚು ಹಾಕಿಸುತ್ತಿದ್ದೇನೆ. ಅದರಲ್ಲಿ ಮೊದಲ ಗೆರೆ ಪಾಳಿಯ ನಡುವಿನ ಊಟದ ಬಿಡುವಿಗೆ, ಎರಡನೆಯದು ಮನೆಗೆ ಬಂದು ಮಲಗುವ ಮುನ್ನ. ಶುಕ್ರವಾರದ ಮೌನಕ್ಕೆ ಅವರು ಬರಲಾರರು, ಆದ್ದರಿಂದ ಶನಿವಾರ ಬೆಳಿಗ್ಗೆ ಎಂಟಕ್ಕೆ, ಕಂಪನಿ ಬಸ್ಸು ಇಳಿದವರು ನೇರವಾಗಿ ಬರುವಂತೆ ಚರ್ಚಿನ ಬಾಗಿಲು ತೆರೆದಿಡಲು ಧರ್ಮಕೇಂದ್ರದ ಗುರುಗಳು ಒಪ್ಪಿದ್ದಾರೆ. ಚಹಾ ಮತ್ತು ಬ್ರೆಡ್ಡಿನ ಖರ್ಚನ್ನು ಮಹಿಳಾ ಸಂಘದವರು ಹೊರುತ್ತಾರೆ.