ದಾನದಿಂದ ಶುರು ಮಾಡಿ: ಉತ್ತರ ಕನ್ನಡದಲ್ಲಿ ಹಲವು ಧರ್ಮದವರು ಕೂಡಿ ಓದುವ ಕೂಟ ನಡೆಸುವ ಬಗೆ

ವೇದಿಕೆ, ದೀಪ, ಶಾಲು, ಮೂವರು ಧರ್ಮಗುರುಗಳ ಭಾಷಣ. ಇಂಥ ಸರ್ವಧರ್ಮ ಸಮಾರಂಭ ಶಿರಸಿಯಿಂದ ಕಾರವಾರದವರೆಗೆ ಎಲ್ಲರೂ ನೋಡಿದ್ದೇ. ಅದರಿಂದ ಕೆಡುಕೇನೂ ಇಲ್ಲ. ಆದರೆ ಕೆಳಗೆ ಕೂತವರಿಗೆ ಪಕ್ಕದ ಮನೆಯವರ ಧರ್ಮದ ಬಗ್ಗೆ ಬರುವಾಗ ಎಷ್ಟು ಗೊತ್ತಿತ್ತೋ ಹೋಗುವಾಗಲೂ ಅಷ್ಟೇ ಗೊತ್ತಿರುತ್ತದೆ. ಹಾಗಾಗಿ ನಾವು ಹಿಡಿದದ್ದು ಬೇರೆ ದಾರಿ. ಹತ್ತು ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂತು, ಒಂದೇ ವಿಷಯದ ಮೇಲೆ ಮೂರು ನಾಲ್ಕು ಧರ್ಮಗ್ರಂಥಗಳಿಂದ ಆಯ್ದ ಕೆಲವು ಸಾಲುಗಳನ್ನು ನಿಧಾನವಾಗಿ ಓದುತ್ತೇವೆ. 1990ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳ ವಿಶ್ವವಿದ್ಯಾಲಯಗಳಲ್ಲಿ ಯಹೂದಿ, ಕ್ರೈಸ್ತ, ಮುಸ್ಲಿಂ ವಿದ್ವಾಂಸರು ‘ಸ್ಕ್ರಿಪ್ಚರಲ್ ರೀಸನಿಂಗ್’ ಎಂಬ ಹೆಸರಿನಲ್ಲಿ ಇದನ್ನು ಬೆಳೆಸಿದರು. ನಮ್ಮ ಜಿಲ್ಲೆಗೆ ಅದನ್ನು ತರುವಾಗ ಬಹಳಷ್ಟು ಬದಲಾಯಿಸಬೇಕಾಗುತ್ತದೆ. ಆ ಬದಲಾವಣೆಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಜನ. ಒಂದೊಂದು ಸಮುದಾಯದಿಂದ ಕನಿಷ್ಠ ಇಬ್ಬರು ಇರಬೇಕು. ಒಬ್ಬರೇ ಇದ್ದರೆ ಅವರು ಓದುಗರಾಗಿ ಉಳಿಯುವುದಿಲ್ಲ, ಇಡೀ ಸಮುದಾಯದ ವಕೀಲರಾಗಿಬಿಡುತ್ತಾರೆ. ಇಬ್ಬರಿದ್ದರೆ ಅವರವರ ನಡುವೆಯೇ ಅಭಿಪ್ರಾಯ ಬೇರೆಯಾಗುತ್ತದೆ. ‘ಮುಸ್ಲಿಮರು ಹೀಗೆ ಹೇಳುತ್ತಾರೆ’, ‘ಬ್ರಾಹ್ಮಣರು ಹೀಗೆ ಹೇಳುತ್ತಾರೆ’ ಎಂಬ ಮಾತು ಅಲ್ಲಿಯೇ ಸಡಿಲವಾಗುತ್ತದೆ. ಹನ್ನೆರಡು ಒಳ್ಳೆಯ ಸಂಖ್ಯೆ. ಎಂಟಕ್ಕಿಂತ ಕಡಿಮೆಯಾದರೆ ಇಬ್ಬರು ಗೈರಾದ ದಿನ ಕೂಟ ಬರಿದಾಗುತ್ತದೆ, ಹದಿನಾರು ದಾಟಿದರೆ ನಾಲ್ಕೇ ಜನ ಮಾತಾಡುತ್ತಾರೆ. ಅರ್ಧದಷ್ಟು ಹೆಂಗಸರು ಇರಲೇಬೇಕೆಂದರೆ ಹೊತ್ತನ್ನು ಅವರನ್ನು ಕೇಳಿ ಗೊತ್ತು ಮಾಡಬೇಕು. ಸಂಜೆ ಆರಕ್ಕೆ ಇಟ್ಟು ಅವರು ಬರಲಿಲ್ಲ ಎನ್ನುವುದು ನ್ಯಾಯವಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಅಲ್ಲಿ ಧರ್ಮದ ಲೆಕ್ಕದಲ್ಲಿ ಕುರ್ಚಿ ಹಂಚಲು ಹೋದರೆ ನೆಂಟರನ್ನೇ ಬೇರೆ ಬೇರೆ ಕೂರಿಸಿದಂತಾಗುತ್ತದೆ. ಅಂಥ ಊರಲ್ಲಿ ಸಂಖ್ಯೆಯ ನಿಯಮ ಬಿಟ್ಟು ಬರುವವರೆಲ್ಲರನ್ನೂ ಕೂರಿಸಿಕೊಳ್ಳುವುದೇ ಸರಿ.

ಶುರು ಮಾಡುವ ಮೊದಲು ಜಮಾತಿನ ಹಿರಿಯರು, ಚರ್ಚಿನ ಫಾದರ್, ಮಠ ಮತ್ತು ದೇವಸ್ಥಾನದ ಆಡಳಿತದವರು, ಬಸದಿಯ ಹಿರಿಯರು ಇವರನ್ನೆಲ್ಲ ಖುದ್ದಾಗಿ ಕಾಣಬೇಕು. ಕೇಳುವುದು ಆಶೀರ್ವಾದ ಮಾತ್ರ. ಅಧ್ಯಕ್ಷತೆ ವಹಿಸಿ ಎಂದು ಕೇಳಬಾರದು. ಗುರುಗಳು ಎದುರಿಗಿದ್ದರೆ ಅವರ ಶಿಷ್ಯರು ಬಾಯಿ ಬಿಡುವುದಿಲ್ಲ. ಮೂರು ವಿಷಯಗಳನ್ನು ಬರೆದು ಕೊಟ್ಟು ಬರಬೇಕು: ಇಲ್ಲಿ ಯಾರನ್ನೂ ಧರ್ಮ ಬದಲಿಸಲು ಕರೆಯುವುದಿಲ್ಲ, ಕೂಡಿ ಪೂಜೆ ಅಥವಾ ಪ್ರಾರ್ಥನೆ ಮಾಡುವುದಿಲ್ಲ, ರಾಜಕೀಯದವರಿಂದ ಹಣ ಪಡೆಯುವುದಿಲ್ಲ. ಎರಡನೆಯದು ಬಹಳ ಮುಖ್ಯ. ಎಲ್ಲರೂ ಸೇರಿ ಒಂದು ಪ್ರಾರ್ಥನೆ ಹೇಳಿಬಿಡೋಣ ಎಂದು ಉತ್ಸಾಹಿಗಳು ಹೊರಡುತ್ತಾರೆ. ತಮ್ಮ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದವರು ಅಂದೇ ಎದ್ದು ಹೋಗುತ್ತಾರೆ. ಕೂಟದಲ್ಲಿ ಉಳಿಯಬೇಕಾದವರು ಅವರೇ.

ಜಾಗಕ್ಕೆ ಶಾಲೆ ಅಥವಾ ಗ್ರಂಥಾಲಯದ ಕೋಣೆ ಒಳ್ಳೆಯದು. ಮೇಜು ಬೇಕೇ ಬೇಕು. ಕುರ್‌ಆನನ್ನು ನೆಲದ ಮೇಲೆ ಇಡುವಂತಿಲ್ಲ, ನಮ್ಮಲ್ಲಿ ಪುರಾಣದ ಪುಸ್ತಕವನ್ನೂ ಯಾರೂ ಇಡುವುದಿಲ್ಲ. ಮೂಲಗ್ರಂಥಕ್ಕೆ ವ್ಯಾಸಪೀಠ ಇಡಿ. ಮಡಚುವ ಮರದ ಆ ಪೀಠವನ್ನು ಮಸೀದಿಯಲ್ಲೂ ಮಠದಲ್ಲೂ ಒಂದೇ ರೀತಿ ಬಳಸುತ್ತಾರೆ. ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಶುಕ್ರವಾರದ ಜುಮ್ಮಾಕ್ಕೂ ಭಾನುವಾರ ಬೆಳಗಿನ ಪೂಜೆಗೂ ಅಡ್ಡಿಯಾಗದಂತೆ ಶನಿವಾರ ಅನುಕೂಲ. ಅಸರ್ ನಮಾಜಿನ ಹೊತ್ತು ನಡುವೆ ಬಂದರೆ ಹತ್ತು ನಿಮಿಷ ಬಿಡುವು ಕೊಟ್ಟರೆ ಸಾಕು. ಸೂರ್ಯಾಸ್ತದ ನಂತರ ಉಣ್ಣದ ಜೈನರಿಗೂ ಘಟ್ಟ ಹತ್ತಿ ಹೋಗುವವರಿಗೂ ಈ ಹೊತ್ತೇ ಸರಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿಯನ್ನು ನಂಬಿಕೊಂಡು ಕತ್ತಲೆಯವರೆಗೆ ಯಾರನ್ನೂ ಕೂರಿಸಬಾರದು. ತಿಂಡಿಗೆ ಬಾಳೆಹಣ್ಣು, ಈರುಳ್ಳಿ ಹಾಕದ ಅವಲಕ್ಕಿ, ಕಷಾಯ. ಇವು ಎಲ್ಲರಿಗೂ ನಡೆಯುತ್ತವೆ.

ವರ್ಷದ ದಿನಗಳನ್ನು ಮೊದಲೇ ಗುರುತು ಮಾಡಿಕೊಳ್ಳಬೇಕು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅದಕ್ಕೆ ಹಳೆಯ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಕ್ರೈಸ್ತರ ತಪಸ್ಸಿನ ಕಾಲ, ಜೈನರ ಪರ್ಯುಷಣ, ಚಾತುರ್ಮಾಸ್ಯ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಇವೆಲ್ಲ ಪಟ್ಟಿಯಲ್ಲಿರಲಿ. ದುಡಿಮೆಯ ಕಾಲವೂ ಅಷ್ಟೇ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಕರಾವಳಿಯ ಮೀನುಗಾರರಿಗೆ ಬಿಡುವು; ಘಟ್ಟದ ಮೇಲೆ ಅದೇ ತಿಂಗಳುಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಅಡಿಕೆ ಕೊಯ್ಲು, ಸುಲಿತ ನಡೆಯುವಾಗ ಶಿರಸಿ ಸೀಮೆಯ ತೋಟದ ಮನೆಯವರು ಯಾರೂ ಬರುವುದಿಲ್ಲ. ಕರಾವಳಿಗೊಂದು, ಘಟ್ಟದ ಮೇಲೊಂದು ಪಟ್ಟಿ ಮಾಡಿಕೊಳ್ಳಿ.

ಇನ್ನು ಓದಲು ಎಲ್ಲರಿಗೂ ಹಂಚುವ ಹಾಳೆ. ಕೂಟದ ಯಶಸ್ಸು ಮುಕ್ಕಾಲು ಪಾಲು ಇದರಲ್ಲಿದೆ. ಒಂದು ಹಾಳೆಯ ಎರಡು ಮಗ್ಗುಲು, ದೊಡ್ಡ ಅಕ್ಷರ, ಬರೆದುಕೊಳ್ಳಲು ಅಗಲ ಅಂಚು. ಒಂದೊಂದು ಗ್ರಂಥದಿಂದ ಹತ್ತು ಸಾಲಿಗಿಂತ ಹೆಚ್ಚು ಬೇಡ. ದೇವರ ಸ್ವರೂಪ, ಮೋಕ್ಷ, ಅವತಾರ ಇಂಥವನ್ನು ಮೊದಲ ವರ್ಷ ಮುಟ್ಟಬೇಡಿ. ದಾನ, ತೂಕ-ಅಳತೆ, ಸಾಲ, ಅತಿಥಿ, ನೆರೆಮನೆ ಇವುಗಳಿಂದ ಶುರು ಮಾಡಿ. ಎಲ್ಲರಿಗೂ ಅನುಭವವಿರುವ ವಿಷಯವಾದ್ದರಿಂದ ಓದು ಬಾರದವರೂ ಮಾತಾಡುತ್ತಾರೆ.

ದಾನದ ಹಾಳೆಯಲ್ಲಿ ನಾವು ಇಡುವುದು ಹೀಗೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯ ಹನ್ನೊಂದನೆಯ ಅನುವಾಕ: ಶ್ರದ್ಧೆಯಿಂದ ಕೊಡು, ನಾಚಿಕೆಯಿಂದ ಕೊಡು, ಭಯದಿಂದ ಕೊಡು ಎಂಬ ಭಾಗ. ಕುರ್‌ಆನಿನ ಎರಡನೆಯ ಅಧ್ಯಾಯದ 261ರಿಂದ 264: ಕೊಟ್ಟದ್ದನ್ನು ಎತ್ತಿ ಆಡಿದರೆ, ಪಡೆದವನನ್ನು ನೋಯಿಸಿದರೆ ಆ ದಾನ ಬಂಡೆಯ ಮೇಲಿನ ಮಣ್ಣಿನಂತೆ, ಜೋರು ಮಳೆ ಬಿದ್ದರೆ ಬರಿ ಬಂಡೆ ಉಳಿಯುತ್ತದೆ. ಮತ್ತಾಯನ ಸುವಾರ್ತೆ 6:1–4: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯ ಎರಡು ಸೂತ್ರ: ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನ; ವಿಧಿ (ಕೊಡುವ ಕ್ರಮ), ದ್ರವ್ಯ (ಕೊಡುವ ವಸ್ತು), ದಾತೃ (ಕೊಡುವವನು), ಪಾತ್ರ (ಪಡೆಯುವವನು) ಇವುಗಳಿಂದ ದಾನದ ಹೆಚ್ಚುಗಾರಿಕೆ.

ಅಧ್ಯಾಯ, ವಾಕ್ಯಗಳ ಸಂಖ್ಯೆ ಬರೆಯುವಾಗ ಯಾವ ಪಾಠದ್ದು, ಅಂದರೆ ಯಾವ ಪರಂಪರೆಯ ಪ್ರತಿಯದು ಎಂದೂ ಬರೆಯಿರಿ. ತತ್ತ್ವಾರ್ಥಸೂತ್ರಕ್ಕೆ ದಿಗಂಬರ, ಶ್ವೇತಾಂಬರ ಪಾಠಗಳಲ್ಲಿ ಸೂತ್ರಸಂಖ್ಯೆ ಬೇರೆ. ಕ್ಯಾಥೊಲಿಕರ ಬೈಬಲಿನಲ್ಲಿರುವ ತೋಬಿತನ ಗ್ರಂಥ ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇಲ್ಲ. ಇದನ್ನು ಹೇಳದಿದ್ದರೆ ಮನೆಗೆ ಹೋಗಿ ತೆಗೆದು ನೋಡಿದವರಿಗೆ ಸಿಗುವುದಿಲ್ಲ, ಯಾರೋ ಸುಳ್ಳು ಹೇಳಿದರು ಎಂಬ ಅನುಮಾನ ಉಳಿಯುತ್ತದೆ. ಅನುವಾದವನ್ನು ಆಯಾ ಸಮುದಾಯದವರೇ ಒಪ್ಪಿದ ಪುಸ್ತಕದಿಂದ ತೆಗೆದುಕೊಳ್ಳಬೇಕು. ಅರಬಿ ಮೂಲವನ್ನು ಹಾಳೆಯಲ್ಲಿ ಅಚ್ಚು ಹಾಕಿಸದಿರುವುದು ಮೇಲು. ಹಾಳೆ ಬಸ್ಸಿನಲ್ಲಿ ಬೀಳುತ್ತದೆ, ಕಡಲೆ ಕಟ್ಟಲು ಹೋಗುತ್ತದೆ. ಮೂಲವನ್ನು ಬಲ್ಲವರು ತಮ್ಮ ಗ್ರಂಥದಿಂದ ಅಥವಾ ಬಾಯಿಪಾಠದಿಂದ ಓದಲಿ, ಕನ್ನಡ ಅರ್ಥ ಮಾತ್ರ ಹಾಳೆಯಲ್ಲಿರಲಿ.

ಗಟ್ಟಿಯಾಗಿ ಓದುವುದನ್ನು ಬಿಡಬೇಡಿ. ಭಟ್ಕಳದ ನವಾಯತಿ ಮಾತಾಡುವ ಎಷ್ಟೋ ಹೆಂಗಸರಿಗೆ ಉರ್ದು ಲಿಪಿ ಬರುತ್ತದೆ, ಕನ್ನಡ ಲಿಪಿ ಬರುವುದಿಲ್ಲ. ಕಾರವಾರದ ಹಳೆ ತಲೆಮಾರಿನ ಕೊಂಕಣಿಗರಲ್ಲಿ ಮರಾಠಿ ಓದಿದವರಿದ್ದಾರೆ. ಮೂಲವನ್ನು ಒಮ್ಮೆ, ಕನ್ನಡವನ್ನು ಎರಡು ಸಲ ಓದಿ, ಆಮೇಲೆ ಎರಡು ನಿಮಿಷ ಸುಮ್ಮನಿರಿ.

ಮಾತಿನ ಕ್ರಮಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಪರಂಪರೆಯಿದೆ. ಶಿರಸಿ ಬಳಿಯ ಸೋಂದಾ ಎಂಬ ಒಂದೇ ಊರಿನಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ವಾದಿರಾಜ ಮಠ, ದಿಗಂಬರ ಜೈನ ಮಠ ಮೂರೂ ಇವೆ. ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ಮೊದಲು ನಿರೂಪಿಸಿ ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುವುದು ಪದ್ಧತಿ. ಅದನ್ನೇ ಕೂಟದ ನಿಯಮ ಮಾಡಿಕೊಂಡಿದ್ದೇವೆ. ಬೇರೆಯವರ ಗ್ರಂಥದ ಬಗ್ಗೆ ಆಕ್ಷೇಪ ಎತ್ತುವ ಮೊದಲು ‘ನೀವು ಹೇಳುವುದು ಇದು ತಾನೇ?’ ಎಂದು ಅವರ ಮಾತನ್ನು ನಮ್ಮ ಬಾಯಲ್ಲಿ ಹೇಳಬೇಕು. ಅವರು ‘ಹೌದು, ಅದೇ’ ಎಂದ ಮೇಲೆ ಮಾತ್ರ ಮುಂದಿನ ಮಾತು. ‘ಅಲ್ಲ’ ಎಂದರೆ ಇನ್ನೊಮ್ಮೆ. ಕೆಲವೊಮ್ಮೆ ಮೂರು ನಾಲ್ಕು ಸಲ ಬೇಕಾಗುತ್ತದೆ, ಅದರಲ್ಲೇ ಅರ್ಧ ಆಕ್ಷೇಪ ಕರಗುತ್ತದೆ. ಉಳಿದ ಅರ್ಧ ನಿಜವಾದ ಭಿನ್ನಾಭಿಪ್ರಾಯ, ಅದು ಉಳಿಯಲಿ. ಮುಂಡಗೋಡಿನ ಟಿಬೆಟನ್ ವಿಹಾರಗಳ ಅಂಗಳದಲ್ಲಿ ಭಿಕ್ಷುಗಳು ಕೈತಟ್ಟಿ ತರ್ಕ ಮಾಡುವುದನ್ನು ಒಮ್ಮೆ ಎಲ್ಲರನ್ನೂ ಕರೆದೊಯ್ದು ತೋರಿಸಿ. ಅಲ್ಲಿ ಕೇಳುವವರು ನಿಂತು, ಉತ್ತರಿಸುವವರು ಕೂತು ಇರುತ್ತಾರೆ. ಬಿರುಸಾಗಿ ವಾದಿಸಿಯೂ ಜಗಳವಾಡದೆ ಏಳಬಹುದು ಎಂದು ಕಣ್ಣಾರೆ ಕಂಡರೆ ಅಂಜಿಕೆ ಕಡಿಮೆಯಾಗುತ್ತದೆ.

ಕೂಟ ಕೆಡುವುದು ಎಲ್ಲಿ? ಹೆಚ್ಚಾಗಿ ಜಗಳದಿಂದಲ್ಲ. ‘ಎಲ್ಲ ಧರ್ಮವೂ ಒಂದೇ ಹೇಳುತ್ತದೆ’ ಎಂಬ ಮಾತಿನಿಂದ. ಇದನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಮಾತು ಬಿದ್ದ ಕ್ಷಣ ಓದು ನಿಲ್ಲುತ್ತದೆ. ದಾನದ ಹಾಳೆಯನ್ನೇ ನೋಡಿ. ಜೈನಸೂತ್ರ ಪಡೆಯುವವನ ಪಾತ್ರತೆ ಕೇಳುತ್ತದೆ, ಮತ್ತಾಯನಲ್ಲಿ ಆ ಪ್ರಶ್ನೆಯೇ ಇಲ್ಲ. ಉಪನಿಷತ್ತಿನ ವಾಕ್ಯ ಓದು ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವುದು. ಕುರ್‌ಆನಿನ ಈ ವಾಕ್ಯಗಳ ಜೊತೆಗೆ ಜಕಾತ್ ಬೇರೆಯೇ ಒಂದು ಕಡ್ಡಾಯ: ಗೊತ್ತಾದ ಮಟ್ಟ ಮೀರಿದ, ಒಂದು ಚಾಂದ್ರ ವರ್ಷ ಕೈಯಲ್ಲಿದ್ದ ಹಣದ ಮೇಲೆ ಶೇ. 2.5. ಅದು ಬಡವನ ಹಕ್ಕು, ಕೊಡುವವನ ಔದಾರ್ಯವಲ್ಲ ಎಂದು ಮುಸ್ಲಿಂ ಸದಸ್ಯರು ವಿವರಿಸುತ್ತಾರೆ. ಈ ವ್ಯತ್ಯಾಸಗಳು ತಿಳಿದ ಮೇಲೆ ನೆರೆಯವರು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಕೂಟದ ಕೊನೆಗೆ ‘ಇವತ್ತು ಯಾವುದು ಹೊಂದಲಿಲ್ಲ?’ ಎಂದು ಕೇಳಿ ಒಂದು ವಾಕ್ಯದಲ್ಲಿ ಕೂಟದ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತೇವೆ. ಹೊಂದಿದ್ದನ್ನು ಬರೆಯುವ ಅಗತ್ಯ ಬೀಳುವುದಿಲ್ಲ, ಅದು ತಾನಾಗಿ ನೆನಪಿರುತ್ತದೆ.

ಎರಡನೆಯ ತೊಡಕು ಪಂಡಿತರು. ಭಾಷ್ಯ ಬಲ್ಲವರು ಇಪ್ಪತ್ತು ನಿಮಿಷ ಮಾತಾಡಿದರೆ ಉಳಿದವರು ಶ್ರೋತೃಗಳಾಗುತ್ತಾರೆ. ಅವರ ವಿದ್ವತ್ತು ಬೇಕು, ಆದರೆ ಕೂಟಕ್ಕಿಂತ ಮೊದಲು, ಹಾಳೆ ಸಿದ್ಧಪಡಿಸುವಾಗ. ಮೇಜಿನ ಮುಂದೆ ಎಲ್ಲರಿಗೂ ಒಂದು ಸಲಕ್ಕೆ ಮೂರೇ ನಿಮಿಷ.

ಪುಸ್ತಕವಿಲ್ಲದ ಧರ್ಮಗಳ ಮಾತು ಬೇರೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರಿಗೆ ಹಾಡೇ ಗ್ರಂಥ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಬಾಯಲ್ಲೇ ಉಳಿಸಿದ ಹಾಡುಗಳ ರಾಶಿ ನೆನೆದರೆ, ಅಕ್ಷರ ಬಲ್ಲವರೇ ಬಲ್ಲವರು ಎಂಬ ಭಾವ ಇಳಿಯುತ್ತದೆ. ಅಂಥ ದಿನ ಹಾಳೆ ಮೊದಲೇ ಅಚ್ಚಾಗುವುದಿಲ್ಲ. ಹಾಡುವವರ ಒಪ್ಪಿಗೆ ಪಡೆದು ಹಾಡನ್ನು ಧ್ವನಿಮುದ್ರಿಸಿ, ಹತ್ತು ಸಾಲು ಅವರ ಉಚ್ಚಾರದಲ್ಲೇ ಬರೆದುಕೊಂಡು, ಅವರಿಗೆ ಓದಿ ಹೇಳಿ, ತಿದ್ದಿಸಿಕೊಂಡು ಆಮೇಲೆ ಹಂಚಿ. ಅವರಾಡುವ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು.

ಆರೇಳು ಹಾಳೆ ಮುಗಿದ ಮೇಲೆ ಶಾಸನ ಓದಿಸಿ. ಶ್ರವಣಬೆಳಗೊಳದ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಬಂದಾಗ ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಮೊದಲಿನಂತೆ ಸಲ್ಲುತ್ತವೆ ಎಂದು ಕಲ್ಲಿನಲ್ಲಿ ಬರೆಸಿದ. ಅಷ್ಟಕ್ಕೇ ಬಿಡಲಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಕೊಡುವುದು, ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಆಳುಗಳ ಮೈಗಾವಲು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ. ಇದನ್ನು ನಡೆಸುವ ಹೊಣೆ ತಿರುಮಲೆಯ ವೈಷ್ಣವರಾದ ತಾತಯ್ಯನವರದು. ಸೌಹಾರ್ದ ಎಂದರೆ ಹಣ, ಆಳು, ಸುಣ್ಣ, ಹೊಣೆಗಾರನ ಹೆಸರು ಎಂದು ಇದನ್ನು ಓದಿದವರಿಗೆ ತಿಳಿಯುತ್ತದೆ. ಒಂದು ಕಠಿಣ ಪ್ರಶ್ನೆಯೂ ಏಳುತ್ತದೆ: ನೊಂದವರೇ ಕಾವಲಿನ ಖರ್ಚು ಕೊಡುವುದು ನ್ಯಾಯವೇ? ಅದಕ್ಕೆ ಒಂದು ಇಡೀ ಕೂಟ ಮೀಸಲಿಡಿ. ಆಮೇಲೆ ನಿಮ್ಮ ಊರಿನ ಪಟ್ಟಿ ಮಾಡಿ: ಯಾವ ಮೆರವಣಿಗೆ ಯಾವ ಬೀದಿಯಲ್ಲಿ, ಎಷ್ಟು ಹೊತ್ತಿಗೆ, ಯಾರ ಮನೆಯ ಮುಂದೆ ವಾದ್ಯ ನಿಲ್ಲುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕಿರುವ ನಿರ್ಬಂಧ ಎಲ್ಲರಿಗೂ ಒಂದೇ ಎಂಬುದನ್ನೂ ಅದರಲ್ಲಿ ಬರೆಯಿರಿ.

ಪುಸ್ತಕಗಳ ಬಗ್ಗೆ ಎರಡು ಮಾತು. ಪ್ರತಿ ಗ್ರಂಥಕ್ಕೂ ಎರಡು ಬೇರೆ ಅನುವಾದ ಇರಲಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುವುದು ಖಚಿತ. ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಈಚೆ, ನೆಲದಿಂದ ಮೇಲೆ ಇಡಿ, ಪುಸ್ತಕಗಳನ್ನು ಒತ್ತಾಗಿ ತುರುಕಬೇಡಿ, ಬಿಸಿಲು ಬಿದ್ದ ದಿನ ಬಾಗಿಲು ತೆರೆದು ಗಾಳಿಯಾಡಿಸಿ. ಹಳೆಯ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಆಯಾ ಸಮುದಾಯದವರಿಗೇ ಒಪ್ಪಿಸಿದರೆ ಅವರ ಕ್ರಮದಂತೆ ವಿಲೇವಾರಿ ಮಾಡುತ್ತಾರೆ.

ಕೂಟದ ನಿಜವಾದ ಪರೀಕ್ಷೆ ಮೊಬೈಲಿನಲ್ಲಿ. ಇನ್ನೊಂದು ಧರ್ಮದ ಗ್ರಂಥದಲ್ಲಿ ಹೀಗಿದೆ ಎಂಬ ಸಂದೇಶ ಬಂದರೆ ಮೂರು ಕೆಲಸ: ಗ್ರಂಥ, ಅಧ್ಯಾಯ, ವಾಕ್ಯಸಂಖ್ಯೆ ಕೇಳುವುದು, ಆ ವಾಕ್ಯದ ಹಿಂದಿನ ಐದು, ಮುಂದಿನ ಐದು ವಾಕ್ಯ ಓದುವುದು, ಆ ಧರ್ಮದ ಸದಸ್ಯರಿಗೆ ಫೋನ್ ಮಾಡುವುದು. ಮೂರೂ ಮುಗಿಯುವವರೆಗೆ ಯಾರಿಗೂ ಕಳಿಸುವಂತಿಲ್ಲ. ಸಂಖ್ಯೆ ಕೇಳಿದ ಕೂಡಲೇ ಬಹಳಷ್ಟು ಸಂದೇಶಗಳು ಅಲ್ಲೇ ನಿಲ್ಲುತ್ತವೆ. ಸಂಖ್ಯೆ ಸರಿಯಾಗಿದ್ದು ವಾಕ್ಯ ಕಠಿಣವಾಗಿದ್ದರೆ ಅದನ್ನೇ ಮುಂದಿನ ಹಾಳೆಯಲ್ಲಿ ಹಾಕಿ, ಆದರೆ ಒಂದು ಧರ್ಮದ್ದನ್ನು ಮಾತ್ರ ಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ಗ್ರಂಥದಲ್ಲಿ ತಮಗೆ ಕಷ್ಟವಾದ ಒಂದು ವಾಕ್ಯ ತರಲಿ. ಇದಕ್ಕೆ ಕನಿಷ್ಠ ಒಂದು ವರ್ಷದ ಒಡನಾಟ ಬೇಕು. ಕೂಟದಲ್ಲಿ ಫೋಟೊ, ವಿಡಿಯೊ ಬೇಡ ಎಂಬ ನಿಯಮ ಇರುವುದೂ ಇದಕ್ಕೇ. ಕಠಿಣ ವಾಕ್ಯದ ಬಗ್ಗೆ ತಡವರಿಸುತ್ತ ಆಡಿದ ಮಾತು ತುಂಡಾಗಿ ಹೊರಗೆ ಹೋದರೆ ಆಡಿದವರು ತಮ್ಮ ಕೇರಿಯಲ್ಲಿ ತಲೆ ಎತ್ತುವಂತಿರುವುದಿಲ್ಲ.

ಸಂಖ್ಯೆ ಹದಿನಾರು ದಾಟಿದಾಗ ಕೂಟವನ್ನು ಎರಡು ಮಾಡಿ. ಹಳಬರೆಲ್ಲ ಒಂದು ಕಡೆ, ಹೊಸಬರೆಲ್ಲ ಇನ್ನೊಂದು ಕಡೆ ಆಗದಂತೆ ಪ್ರತಿ ಸಮುದಾಯದ ಒಬ್ಬ ಹಳಬರು ಎರಡೂ ಕಡೆ ಇರಲಿ, ದಾಖಲೆ ಪುಸ್ತಕದ ಒಂದು ಪ್ರತಿ ಹೊಸ ಕೂಟಕ್ಕೆ ಹೋಗಲಿ. ಹೊಸ ಕೂಟವೂ ದಾನದ ಹಾಳೆಯಿಂದಲೇ ಶುರು ಮಾಡಬೇಕು.