ಸೊಪ್ಪು ನನ್ನ ಪಾಲಿಗೆ, ಗೂಡು ಅಕ್ಕನ ಪಾಲಿಗೆ

ಶಿಡ್ಲಘಟ್ಟದ ಹತ್ತಿರ ನಮ್ಮೂರು. ನಾನೂ ಪಕ್ಕದ ಮನೆ ಅಕ್ಕನೂ ರೇಷ್ಮೆ ಹುಳು ಸಾಕುತ್ತೇವೆ. ಮೊದಲಿಂದಲೂ ಮುಯ್ಯಾಳು ಮಾಡಿಕೊಂಡು ಬಂದವರು. ನಾನು ಅವರ ಮನೆಗೆ ಒಂದು ದಿನ ಹೋದರೆ, ಅವರು ನಮ್ಮ ಮನೆಗೆ ಒಂದು ದಿನ ಬರಬೇಕು. ಆದರೆ ಅಕ್ಕ ಯಾವ ಕೆಲಸಕ್ಕೆ ಕೈ ಹಾಕಿದರೂ ನನಗಿಂತ ಚುರುಕು. ನನ್ನನ್ನು ಕರೆದು ಅವರಿಗೇನು ಲಾಭ ಅಂತ ಎಷ್ಟೋ ಸಲ ಮನಸ್ಸಿಗೆ ಕಷ್ಟ ಆಗುತ್ತಿತ್ತು.

ಮಗಳು ಪಿಯುಸಿ ಕಾಮರ್ಸ್ ಓದುವಾಗ ಒಂದು ಲೆಕ್ಕ ಹೇಳಿದಳು. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಬರೆದದ್ದು. ಒಂದಿಷ್ಟು ಬಟ್ಟೆ ನೇಯೋಕೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಆಳು ಬೇಕು, ಪೋರ್ಚುಗಲ್‌ನಲ್ಲಿ 90 ಸಾಕು. ವೈನ್‌ಗಾದರೆ ಇಂಗ್ಲೆಂಡಿನಲ್ಲಿ 120, ಪೋರ್ಚುಗಲ್‌ನಲ್ಲಿ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಅದು ವೈನ್ ಮಾಡಿ, ಬಟ್ಟೆಯನ್ನು ಇಂಗ್ಲೆಂಡಿನಿಂದ ತಗೊಂಡರೆ ಇಬ್ಬರಿಗೂ ಲಾಭ ಅಂತೆ. ನನಗೆ ತಕ್ಷಣ ಅಕ್ಕನೇ ನೆನಪಾದರು.

ಮುಂದಿನ ಬೆಳೆಯಲ್ಲಿ ಗಡಿಯಾರ ನೋಡಿಕೊಂಡು ಇಬ್ಬರ ಕೆಲಸವನ್ನೂ ಬರೆದಿಟ್ಟೆ. ಗಂಟೆಗೆ ಅಕ್ಕ ಆರು ಕಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ದರೆ ನಾನು ನಾಲ್ಕು. ಅಷ್ಟೇನೂ ಹಿಂದಿಲ್ಲ. ಹುಳು ಗೂಡು ಕಟ್ಟೋ ತಟ್ಟಿ, ಅಂದರೆ ಚಂದ್ರಿಕೆಯಿಂದ ಗೂಡು ಬಿಡಿಸುವಾಗ ಮಾತ್ರ ಅವರದು ಆರು ಕೆಜಿ, ನನ್ನದು ಎರಡೇ. ಅವರ ಕೈ ನೋಡಬೇಕು. ಎರಡೂ ಕೈಯ ಹೆಬ್ಬೆರಳು ಒಟ್ಟಿಗೆ ಓಡುತ್ತವೆ. ಕಲೆ ಬಿದ್ದದ್ದು, ಜೋಡಿ ಗೂಡು ಎಲ್ಲ ಕಣ್ಣು ಹಾಯಿಸದೆ ಬೇರೆ ಬುಟ್ಟಿಗೆ ಬೀಳುತ್ತವೆ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾ ಕೂರುತ್ತೇನೆ.

ಅಂದರೆ ಒಂದು ಕೆಜಿ ಗೂಡು ಬಿಡಿಸುವ ಹೊತ್ತಿಗೆ ಅಕ್ಕ ಬಿಟ್ಟುಕೊಡೋದು ಒಂದು ಕಟ್ಟು ಸೊಪ್ಪು. ನಾನು ಬಿಟ್ಟುಕೊಡೋದು ಎರಡು ಕಟ್ಟು. ಸೊಪ್ಪು ನಾನು ಕೊಯ್ಯಬೇಕು, ಗೂಡು ಅವರು ಬಿಡಿಸಬೇಕು ಅನ್ನೋದು ಅಲ್ಲೇ ಗೊತ್ತಾಯಿತು. ಒಂದು ಕೆಜಿ ಗೂಡಿಗೆ ಒಂದೂವರೆ ಕಟ್ಟು ಅಂತ ಮಾತಾಡಿಕೊಂಡೆವು.

ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಾವು ಜ್ವರ ಅಂತೀವಿ. ಅವರ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಆರು ದಿನ ಬೆಳಗಿನ ಸೊಪ್ಪು ನಾನೇ ಕೊಯ್ದು ಕೊಟ್ಟೆ. ದಿನಕ್ಕೆ ಆರು ಕಟ್ಟು, ಒಂದೂವರೆ ಗಂಟೆ. ಒಟ್ಟು 36 ಕಟ್ಟು, ಒಂಬತ್ತು ಗಂಟೆ. ನಮ್ಮ ಬೆಳೆ ಬಂದಾಗ ಅಕ್ಕ ನಾಲ್ಕು ಗಂಟೆ ಕೂತು 24 ಕೆಜಿ ಬಿಡಿಸಿದರು. ಅದೇ ನಾನಾಗಿದ್ದರೆ 12 ಗಂಟೆ. ನನಗೆ ಮೂರು ಗಂಟೆ ಉಳಿಯಿತು. 36 ಕಟ್ಟು ಅವರೇ ಕೊಯ್ದಿದ್ದರೆ ಆರು ಗಂಟೆ, ಹಾಗಾಗಿ ಅವರಿಗೆ ಎರಡು ಗಂಟೆ ಉಳಿಯಿತು. ಹುಳು ಹೊಟ್ಟೆಬಾಕವಾಗಿ ತಿನ್ನೋ ಆ ದಿನಗಳಲ್ಲಿ ಎರಡು ಗಂಟೆ ಅಂದರೆ ಸುಮ್ನೆ ಅಲ್ಲ. ಇಡೀ ಬೆಳೆಯಲ್ಲಿ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆಗಲೇ ಬೇಕು.

ಚಾಕಿ, ಅಂದರೆ ಮೊಟ್ಟೆಯೊಡೆದ ಎಳೆ ಹುಳು ಸಾಕೋದನ್ನ ನಾನು ಇದಕ್ಕೂ ಮೊದಲೇ ಬಿಟ್ಟಿದ್ದೆ. ಎಳೆ ಹುಳುವಿಗೆ 27-28 ಡಿಗ್ರಿ ಶಾಖ, ಶೇಕಡಾ 85ರ ಮೇಲೆ ತೇವಾಂಶ ಬೇಕು. ನಮ್ಮ ಶೀಟಿನ ಮನೆಯಲ್ಲಿ ಅದು ನಿಲ್ಲದು. ಒಂದು ಬೇಸಿಗೆ ತಟ್ಟೆಯಲ್ಲೇ ಸೊಪ್ಪು ಒಣಗಿ ಅರ್ಧ ಹುಳು ಹೋದವು. ಈಗ ಎರಡನೇ ಜ್ವರ ಕಳೆದ ಹುಳುವನ್ನೇ ಚಾಕಿ ಕೇಂದ್ರದಿಂದ ತರುತ್ತೇನೆ. ನೂಲು ಬಿಚ್ಚುವ ಕೆಲಸಕ್ಕೂ ನಾವ್ಯಾರೂ ಹೋಗೋದಿಲ್ಲ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದರೆ ಆಯಿತು, ರೀಲರ್‌ಗಳು ಹರಾಜಿನಲ್ಲಿ ತಗೊಳ್ಳುತ್ತಾರೆ.

ಒಂದು ತೊಡಕೂ ಇದೆ. ಹೋದ ಬೆಳೆಯಲ್ಲಿ ಅಕ್ಕನಿಗೆ ಜ್ವರ ಬಂತು, ಅದೂ ನಮ್ಮ ಗೂಡು ಬಿಡಿಸುವ ದಿನವೇ. ತಡ ಮಾಡಿದರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ಅಕ್ಕಪಕ್ಕದವರನ್ನು ಕೂಲಿ ಕೊಟ್ಟು ಕರೆದು ರಾತ್ರಿವರೆಗೂ ಬಿಡಿಸಿದೆವು. ಅಂದಿನಿಂದ ಪ್ರತಿ ಬೆಳೆಯಲ್ಲೂ ಐದಾರು ಕೆಜಿಯಾದರೂ ನಾನೇ ಬಿಡಿಸುತ್ತೇನೆ. ಅಕ್ಕ ಪಕ್ಕದಲ್ಲೇ ಕೂತು "ಬೆಳಕಿಗೆ ಹಿಡೀಬೇಡಮ್ಮ, ಬೆರಳಿಗೆ ಗೊತ್ತಾಗುತ್ತೆ" ಅಂತ ಹೇಳಿಕೊಡುತ್ತಾರೆ. ಈಗ ಗಂಟೆಗೆ ಎರಡೂವರೆ ಕೆಜಿ ಆಗಿದೆ.